ಉಣ್ಣೆಕೊಟ್ಟಿಗೆಯ ಜುಲೈ ವರದಿ

ಇವರಿಗೆ:
ವಿಸ್ತರಣಾ ವಿಭಾಗದ ನಿರ್ದೇಶಕರು, ಮಸೇರು.
ಇಂದ:
ಸೆಂಕು ನದಿಯ ಮೇಲುಕಣಿವೆಯ ಪ್ರಾದೇಶಿಕ ಕೇಂದ್ರ.
ಕೇಂದ್ರವೆಂದರೆ ಈಗಲೂ ಅದೇ ಉಣ್ಣೆಕೊಟ್ಟಿಗೆ;
ಕರಿಹಲಗೆ ಒರೆಸಿದರೆ ಸೀಮೆಸುಣ್ಣದ ಜೊತೆ
ಮೇಕೆಯ ಕೂದಲೂ ಕೈಗೆ ಬರುತ್ತದೆ.

ಈ ತಿಂಗಳು ನಡೆದದ್ದು:
ಶವಸಂಸ್ಕಾರ ಸಂಘದ ಹೆಂಗಸರಿಗೆ
ಲೆಕ್ಕ ಬರೆಯುವ ತರಬೇತಿ, ಮೂರು ದಿನ.
ಎರಡೇ ದಿನ ನಡೆಯಿತು.
ಮೂರನೆಯ ಬೆಳಿಗ್ಗೆ ಸದಸ್ಯೆಯೊಬ್ಬಳು ತೀರಿಕೊಂಡು
ಎಲ್ಲರೂ ಕಂಬಳಿ ಹೊದ್ದು, ಪುಸ್ತಕ ಕಂಕುಳಲ್ಲಿಟ್ಟು
ಅವಳ ಮನೆಗೆ ನಡೆದರು.
ಅಲ್ಲೇ, ಅಂಗಳದಲ್ಲಿ, ಎತ್ತು ಕೊಯ್ಯುವ ಮೊದಲು
ಗೆರೆ ಎಳೆದು ಜಮೆ ಖರ್ಚು ಕೂಡಿದರು.
ತಾಳೆಯಾಯಿತು.
ಇದನ್ನು ಪ್ರಾಯೋಗಿಕ ತರಗತಿ ಎನ್ನಬಹುದೆ?
ಎಂದು ಬರೆದಿದ್ದೇನೆ.

ಹಾಜರಾತಿ:
ಕುರಿಗಾಹಿ ಹುಡುಗರ ರಾತ್ರಿಶಾಲೆ, ಹನ್ನೊಂದು.
ಬರೆದು ಹೊಡೆದುಹಾಕಿದ್ದೇನೆ, ಕ್ಷಮಿಸಿ.
ಒಳಗೆ ಕೂತವರು ಹನ್ನೊಂದು;
ಹೊರಗೆ ಮಂದೆ ಕಾಯುತ್ತ
ಬಾಗಿಲ ಸೀಳಿನಿಂದ ಹಲಗೆ ನೋಡುತ್ತ ನಿಂತವರು ನಾಲ್ಕು.
ಪಾಳಿಯ ಮೇಲೆ ಅವರವರೇ ಬದಲಾಗುತ್ತಾರೆ.
ಮೊಲೆಫಿ ಗುಣಾಕಾರದ ದಿನ ಒಳಗಿದ್ದ,
ಭಾಗಾಕಾರದ ದಿನ ಹೊರಗೆ,
ಹೊರಗೆ ಹಿಮಗಾಳಿ, ಸೀಳಿಗೆ ಗೋಣಿ ತುರುಕಿದ್ದೆವು.
ಹಾಗಾಗಿ ಅವನು ಕಂಡದ್ದನ್ನೆಲ್ಲ ಗುಣಿಸುತ್ತಾನೆ.
ಮಂದೆಯ ಯಜಮಾನನಿಂದ ಈ ತನಕ ದೂರು ಬಂದಿಲ್ಲ.

ಶುಲ್ಕ ವಸೂಲಿ: ತಲೆಗೊಂದು ಬೆರಣಿ.
ಬಾಕಿ ಇಲ್ಲ. ಒಲೆಯಲ್ಲಿ ಎಲ್ಲ ಬೂದಿ.

ಇನ್ನು, ಕಳೆದ ತಿಂಗಳ ನಿಮ್ಮ ಪತ್ರ:
'ಕೇಂದ್ರ ಎಷ್ಟು ಬೆಳೆದಿದೆ, ಚದರ ಮೀಟರಿನಲ್ಲಿ ತಿಳಿಸಿ.'
ಹೊಸ ಕಟ್ಟಡಕ್ಕೆ ನದಿಯ ಮರಳು ಬೇಕು,
ಮರಳಿಗೆ ಕತ್ತೆ ಬೇಕು, ಕತ್ತೆಗೆ ದಾರಿ ಬೇಕು.
ಒಂಬತ್ತು ದಿನ ಕಣಿವೆಬಾಯಿ ಹಿಮದಲ್ಲಿ ಮುಚ್ಚಿತ್ತು.
ಹದಿನೆಂಟನೇ ತಾರೀಕಿಗೆ ಗೋಡೆ ಮೊಣಕಾಲುದ್ದ,
ತಿಂಗಳ ಕೊನೆಗೂ ಮೊಣಕಾಲುದ್ದ.
ಮೂರು ಮೂಟೆ ಸಿಮೆಂಟು ತೇವ ಕುಡಿದು
ಮೂಟೆಯ ಆಕಾರದಲ್ಲೇ ಕಲ್ಲಾಯಿತು.
ಅವನ್ನು ಒಳಗೆ ಹೊರಳಿಸಿಕೊಂಡೆವು.
ಆಸನ ವ್ಯವಸ್ಥೆ: ಮೂರು ಹೆಚ್ಚಾಗಿದೆ.

ಒಂದು ತಪ್ಪನ್ನು ನಾನೇ ಹೇಳಿಬಿಡುವುದು ಒಳ್ಳೆಯದು.
ಹಾಜರಿ ಪುಸ್ತಕದಲ್ಲಿ ಎರಡು ವರ್ಷ
ಹೆಬ್ಬೆಟ್ಟು ಒತ್ತುತ್ತಿದ್ದ ಮಾಂಥಾಬಿಸೆಂಗ್ ಅಜ್ಜಿ
ಈಗ ಹೆಸರು ಬರೆಯುತ್ತಾಳೆ.
ಉದ್ದದ ಹೆಸರು; ಗೆರೆ ದಾಟಿ
ಪಕ್ಕದವಳ ಜಾಗಕ್ಕೂ ಕಾಲು ಚಾಚುತ್ತದೆ.
ಶನಿವಾರ ಬಂದು ಹಳೆಯ ಪುಸ್ತಕಗಳನ್ನು ಕೇಳಿದಳು.
ದಾಖಲೆ ತಿದ್ದುವಂತಿಲ್ಲ ಎಂದೆ.
ತಿದ್ದುವುದಿಲ್ಲ ಮಗಳೇ, ಅವಳು ಯಾರೆಂದು ಬರೆಯುತ್ತೇನೆ ಅಷ್ಟೆ,
ಎಂದಳು.
ಸಂಜೆಯವರೆಗೆ ಕೂತು, ಇಪ್ಪತ್ತಾರು ಕಡೆ,
ಪ್ರತಿ ನೀಲಿ ಹೆಬ್ಬೆಟ್ಟಿನ ಕೆಳಗೆ ಬರೆದಳು.
ಲೆಕ್ಕಪರಿಶೋಧಕರು ಕೇಳಿದರೆ
ನನ್ನ ಹೆಸರು ಹೇಳಿ.
ಖರ್ಚಿನಲ್ಲಿ ಒಂದು ಪೆನ್ನು ಹೆಚ್ಚುವರಿ.

ಮುಂದಿನ ಯೋಜನೆ:
ಸೆಪ್ಟೆಂಬರಿಗೆ ಉಣ್ಣೆ ಕತ್ತರಿಸುವವರು ಬರುತ್ತಾರೆ,
ಕೊಟ್ಟಿಗೆ ಅವರದು, ಬಿಟ್ಟುಕೊಡಬೇಕು.
ಹಲಗೆಯನ್ನು ಹೊಸ ಗೋಡೆಯೊಳಗೆ ನಿಲ್ಲಿಸಿಕೊಂಡು
ಭಾಗಾಕಾರದಿಂದ ಮತ್ತೆ ಶುರುಮಾಡುತ್ತೇವೆ.
ತಗಡು ಕಳಿಸುವುದಾದರೆ ಕಳಿಸಿ.
ಗೋಡೆಗೆ ಅಂಥ ಅವಸರವೇನಿಲ್ಲ:
ಈಗಿನ ಎತ್ತರಕ್ಕೆ
ಮಂದೆಯ ಹತ್ತಿರ ನಿಂತವನಿಗೂ ಹಲಗೆ ಕಾಣುತ್ತದೆ.

ಇತಿ,
ಮ್ಪೊಲೊಕೆಂಗ್, ಗುಮಾಸ್ತೆ.
(ಮೊಹರು ಹೆಪ್ಪುಗಟ್ಟಿದೆ. ಸಹಿಯನ್ನೇ ಒಪ್ಪಿಸಿಕೊಳ್ಳಿ.)